ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೊದಲ ಟರ್ಮ್ ಹೇಗಿರುತ್ತೆ?

ಬೀದರ್ ಅಮ್ಮ: ಮನೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನ ಹಾರೋದು ನೋಡಿ ನೋಡಿ ಮಗಳು ಪುಣೆ ಹತ್ತಿರದ ಖಡಕವಾಸ್ಲಾದ ಎನ್‌ಡಿಎಗೆ ಹೋಗ್ತೀನಿ ಅಂತಾಳೆ. ಹುಡುಗಿಯರನ್ನ ತಗೊಳ್ತಾರಾ? ಖರ್ಚು?

ಕಲಬುರಗಿ ಮಾಜಿ ಕೆಡೆಟ್: ತಗೊಳ್ತಾರೆ ಅಕ್ಕಾ, 2022ರಿಂದ. ಮೊದಲ ತಂಡದ 17 ಹುಡುಗಿಯರು 2025ರ ಮೇನಲ್ಲಿ ಪಾಸಾದರು. ಊಟ, ವಸತಿ, ಓದು ಸರ್ಕಾರದ್ದೇ. ಒಟ್ಟು ಮೂರು ವರ್ಷ, ಆರು ಟರ್ಮ್. ಮೊದಲನೆಯದು ಅಂದ್ರೆ ಸೈಕಲ್! ಕ್ಲಾಸಿಗೂ ಡ್ರಿಲ್ಲಿಗೂ ಸಾಲಾಗಿ ಅದರ ಮೇಲೇ. ಪಂಕ್ಚರ್ ಆಯ್ತಾ, ಹೆಗಲ ಮೇಲೆ ಹೊತ್ತು ಓಡಬೇಕು. ನಮ್ಮ ಬಿಸಿಲಲ್ಲಿ ಬೆಳೆದವಳಿಗೆ ಅದೇನು ಜಾಸ್ತಿ ಅಲ್ಲ ಬಿಡಿ. ನಿಜವಾದ ಕಷ್ಟ ನಿದ್ದೆಯದು.

ಯಾದಗಿರಿ ಮೇಷ್ಟ್ರು: ವಾಯುಪಡೆಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕೇ ಬೇಕು. ಲಿಖಿತ ಪರೀಕ್ಷೆ 900 ಅಂಕ, ಗಣಿತವೇ 300. ಎಸ್‌ಎಸ್‌ಬಿ, ಅಂದ್ರೆ ಸೇನಾ ಆಯ್ಕೆ ಮಂಡಳಿಯ ಸಂದರ್ಶನ, ಇನ್ನೊಂದು 900.

ಬೀದರ್ ಅಮ್ಮ: ಗಣಿತ ಚೆನ್ನಾಗಿದೆ ಸರ್. ಬೆಳಗ್ಗೆ ಏಳೋದೇ ಇಲ್ಲ!