ಸೇವ್ ತೆರೆದು ಮತ್ತೆ ಆಡಿದರೆ ಮೋಸವಾ?

ಪಗಡೆಪ್ರಿಯ: ಎಕ್ಸ್‌ಕಾಮ್: ಎನಿಮಿ ಅನ್‌ನೋನ್‌ನಲ್ಲಿ (ಸರದಿಯಂತೆ ಸೈನಿಕರನ್ನು ನಡೆಸುವ ಕಂಪ್ಯೂಟರ್ ಆಟ) ತಗಲುವ ಸಾಧ್ಯತೆ 85% ಅಂತ ತೋರಿಸಿದ ಗುಂಡು ತಪ್ಪುತ್ತೆ. ರೀಲೋಡ್ ಮಾಡಿ, ಅಂದ್ರೆ ಉಳಿಸಿಟ್ಟ ಸೇವ್ ಮತ್ತೆ ತೆರೆದು, ಅದನ್ನೇ ಹೊಡೆದರೂ ತಪ್ಪುತ್ತೆ, ಹತ್ತು ಸಲ ಮಾಡಿದರೂ ಅಷ್ಟೇ. ಯಾಕೆ? ಎದುರಿಗೆ ಮನುಷ್ಯರೇ ಇಲ್ಲದ ಆಟದಲ್ಲಿ ರೀಲೋಡ್ ಮಾಡೋದು ಮೋಸ ಅನ್ನಿಸಿಕೊಳ್ಳುತ್ತಾ?

ಕೋಟೆಕಾವಲು: ಸೇವ್ ಫೈಲಿನಲ್ಲಿ ರ‍್ಯಾಂಡಮ್ ಸೀಡ್ (ಅದೃಷ್ಟದ ಸಂಖ್ಯೆಗಳ ಸಾಲನ್ನು ನಿರ್ಧರಿಸುವ ಮೂಲ ಸಂಖ್ಯೆ) ಕೂಡ ಉಳಿದಿರುತ್ತೆ. ಮುಂದೆ ಬರೋ ಸಂಖ್ಯೆಗಳು ಆಗಲೇ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಮೊದಲ ಗುಂಡಿಗೆ ಮೊದಲ ಸಂಖ್ಯೆ. ಅದು ಕೆಟ್ಟದ್ದಾಗಿದ್ದರೆ ಎಷ್ಟು ಸಲ ತೆರೆದರೂ ಅದೇ ಸಿಗುತ್ತೆ. ಕ್ರಮ ಬದಲಿಸಿದರೆ ಮಾತ್ರ ಫಲಿತಾಂಶ ಬದಲಾಗಬಹುದು: ತಗಲಿದರೂ ತಪ್ಪಿದರೂ ನಡೆಯುವಂಥ ಗುಂಡನ್ನು ಇನ್ನೊಬ್ಬ ಸೈನಿಕನಿಂದ ಮೊದಲು ಹಾರಿಸಿ, ಕೆಟ್ಟ ಸಂಖ್ಯೆ ಅವನ ಪಾಲಾಗುತ್ತೆ. ಇಲ್ಲವೇ ಗ್ರೆನೇಡ್ ಎಸೆಯಿರಿ, ಅದಕ್ಕೆ ಗುರಿ ತಪ್ಪುವ ಲೆಕ್ಕವೇ ಇಲ್ಲ.

ನನ್ನ ಗೆರೆ ಇಲ್ಲೇ. ಮೌಸ್ ಜಾರಿ ತಪ್ಪು ಚೌಕಕ್ಕೆ ಹೋದ ಸೈನಿಕನನ್ನು ವಾಪಸ್ ತರೋದು ಮೋಸವಲ್ಲ. ಮುಂದಿನ ಸಂಖ್ಯೆ ಕೆಟ್ಟದ್ದು ಅಂತ ಗೊತ್ತಿದ್ದೇ ಅದನ್ನು ಇನ್ನೊಬ್ಬನ ತಲೆಗೆ ಕಟ್ಟೋದು ಇಸ್ಪೀಟಿನಲ್ಲಿ ಎಲೆ ಇಣುಕಿ ನೋಡಿದಂತೆ. ನಾಗರಿಕತೆ ಕಟ್ಟುವ ಆಟ ಸಿವಿಲೈಸೇಶನ್ 5ರಲ್ಲಿ ರೀಲೋಡ್ ಮಾಡಿದಾಗ ಹೊಸ ಸೀಡ್ ಬೇಕೋ ಬೇಡವೋ ಅನ್ನೋದನ್ನು ಆಟ ಶುರು ಮಾಡುವಾಗಲೇ ಅಡ್ವಾನ್ಸ್ಡ್ ಸೆಟಪ್‌ನಲ್ಲಿ ಆರಿಸಬೇಕು.

ಮಂಜುಪರದೆ: ಕಂಪ್ಯೂಟರ್ ಏನು ಸಾಚಾನಾ? ಸಿವಿಲೈಸೇಶನ್ 6ರ ಅತಿ ಕಷ್ಟದ ಡೀಟಿ ಹಂತದಲ್ಲಿ ಎಐ (ಕಂಪ್ಯೂಟರ್ ಎದುರಾಳಿ) ಊರು ಕಟ್ಟುವ ಮೂರು ಸೆಟ್ಲರ್‌ಗಳೊಂದಿಗೆ ಶುರು ಮಾಡುತ್ತೆ, ನಿಮಗೆ ಒಂದೇ. ಯುದ್ಧದಲ್ಲೂ ಅದಕ್ಕೆ +4 ಬಲ. ಸ್ಟಾರ್‌ಕ್ರಾಫ್ಟ್ 2 ಅಂತೂ ಮುಚ್ಚುಮರೆಯಿಲ್ಲದೆ ಎಐಗೆ ಇಂಥ ಹೆಚ್ಚುವರಿ ಕೊಡುವ ಹಂತಗಳಿಗೆ 'ಚೀಟರ್' ಅಂತಲೇ ಹೆಸರಿಟ್ಟಿದೆ. ಎಕ್ಸ್‌ಕಾಮ್ 2ರ ಸುಲಭ ಹಂತಗಳಲ್ಲಿ ಉಲ್ಟಾ: ಸತತವಾಗಿ ಗುರಿ ತಪ್ಪಿದರೆ ಮುಂದಿನ ಗುಂಡಿಗೆ ತೆರೆಯಲ್ಲಿ ಕಾಣದ ಸಹಾಯ ಸೇರಿಕೊಳ್ಳುತ್ತೆ. ಹಾಗಂತ ಏಜ್ ಆಫ್ ಎಂಪೈರ್ಸ್ 2ರಲ್ಲಿ 'ಮಾರ್ಕೋ' ಅನ್ನೋ ಚೀಟ್ ಕೋಡ್ ಟೈಪ್ ಮಾಡಿ ನಕ್ಷೆಯೆಲ್ಲ ತೆರೆದುಕೊಳ್ಳೋದು ಲೆಕ್ಕ ಸರಿ ಮಾಡಿದಂತೆ ಅಲ್ಲ. ಡೀಟಿಯ ಹೆಚ್ಚುವರಿ ಗೊತ್ತಿದ್ದೇ ಆರಿಸಿಕೊಂಡಿದ್ದು. ನಕ್ಷೆ ತೆರೆದರೆ ನೆಲ ಹುಡುಕಲು ಸ್ಕೌಟ್ ಕಳಿಸೋ ಕೆಲಸವೇ ಉಳಿಯಲ್ಲ, ಅರ್ಧ ಆಟ ಅಲ್ಲೇ ಮುಗೀತು.

ಪಗಡೆಪ್ರಿಯ: ಹಾಗಾದರೆ ಐರನ್‌ಮ್ಯಾನ್ (ಹಳೆಯ ಸೇವ್‌ಗೆ ಮರಳಲು ಬಿಡದ ಆಯ್ಕೆ) ಹಾಕಿಬಿಡ್ಲಾ?

ಕೋಟೆಕಾವಲು: ಹಾಕಿ, ಆದರೆ ಅಲ್ಲಿರೋದು ಒಂದೇ ಸೇವ್, ಅದರ ಮೇಲೇ ಆಟ ಬರೆಯುತ್ತಾ ಹೋಗುತ್ತೆ. ಬರೆಯೋ ಹೊತ್ತಲ್ಲಿ ಕರೆಂಟ್ ಹೋದರೆ ಫೈಲೇ ಕೆಡಬಹುದು. ಆಟ ಮುಚ್ಚಿದ ಮೇಲೆ ಸೇವ್ ಫೋಲ್ಡರ್ ಬೇರೆ ಕಡೆ ಕಾಪಿ ಮಾಡಿಡಿ. ಫೈಲ್ ಕೆಟ್ಟಾಗ ಮಾತ್ರ ಆ ಕಾಪಿ ಮುಟ್ಟಿ, ಸ್ನೈಪರ್ ಸತ್ತಾಗ ಅಲ್ಲ.