ಬಾರ್ಬಡೋಸ್‌ಗೆ ವೀಸಾ ಬೇಕಾ?

ಪ್ರಶ್ನೆ: ಜನವರಿಯಲ್ಲಿ ನಾನು, ನನ್ನ ಹೆಂಡತಿ ಬೆಂಗಳೂರಿಂದ ಬಾರ್ಬಡೋಸ್‌ಗೆ ಹೋಗೋಣ ಅಂತಿದ್ದೇವೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ವೀಸಾ ಬೇಕಾ? ಯಾವ ದುಡ್ಡು ಒಯ್ಯಬೇಕು?

ಉತ್ತರ 1: ವೀಸಾ ಬೇಡ, ಪ್ರವಾಸಿಗಳಿಗೆ 90 ದಿನದವರೆಗೆ ಇರಲು ಬಿಡುತ್ತಾರೆ. ತಲೆನೋವೆಲ್ಲ ದಾರಿಯದ್ದು. ನೇರ ವಿಮಾನ ಇಲ್ಲ, ಅಮೆರಿಕದ ಮೇಲೆ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು, ಹಾಗಾಗಿ ಟಿಕೆಟ್ ಅಗ್ಗ ಅಂತ ಸುಮ್ನೆ ಬುಕ್ ಮಾಡಬೇಡಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ.

ಉತ್ತರ 2: ಅಮೆರಿಕನ್ ಡಾಲರ್ ಸಾಕು, ಅಂಗಡಿಗಳಲ್ಲೂ ನಡೆಯುತ್ತದೆ. ಒಂದಕ್ಕೆ ಅಲ್ಲಿನ 2 ಡಾಲರ್, ಚಿಲ್ಲರೆ ಮಾತ್ರ ಅಲ್ಲಿನ ದುಡ್ಡಲ್ಲೇ ಸಿಗುತ್ತದೆ. ಮಿಲಿಟರಿ ಡಿಸೈನಿನ ಬಟ್ಟೆ ಹಾಕಬೇಡಿ, ಅಲ್ಲಿ ಅದು ಅಪರಾಧ. ಮಕ್ಕಳಿಗೂ ಹಾಕುವಂತಿಲ್ಲ!

ಉತ್ತರ 3: ಬೀಚ್ ಪಕ್ಕ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ ಮರ ಕಂಡರೆ ದೂರ ಇರಿ. ಅದು ಮಂಚಿನೀಲ್. ಚಿಕ್ಕ ಹಸಿರು ಸೇಬಿನಂಥ ಕಾಯಿ, ತಿಂದರೆ ವಿಷ. ಮಳೆ ಬಂತು ಅಂತ ಕೆಳಗೆ ನಿಂತರೂ ಹಾಲು ತಾಗಿ ಮೈ ಬೊಬ್ಬೆ ಬರುತ್ತದೆ.