ಅಪ್‌ಡೇಟ್: ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಚಕ್ರ ಈಗ ಒಂದೇ ಕಡೆ ತಿರುಗುತ್ತಿದೆ

ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಚಕ್ರ ಒಂದೇ ಕಡೆ ತಿರುಗಬೇಕು, ನನ್ನದು ಯಾಕೆ ಹಾಗೆ ತಿರುಗುತ್ತಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಹ್ಯಾಂಡಲ್ ತಿರುಗಿಸುವ ಒಂದು ಶಾಫ್ಟ್, ಎರಡು ಒನ್-ವೇ ಬೇರಿಂಗ್ (ಶಾಫ್ಟನ್ನು ಒಂದು ದಿಕ್ಕಿಗೆ ಮಾತ್ರ ಹಿಡಿದು, ಇನ್ನೊಂದು ದಿಕ್ಕಿಗೆ ಬಿಟ್ಟುಕೊಡುವಂಥವು), ಅವುಗಳ ಮೇಲೆ ಎರಡು ಗೇರ್. ಒಂದು ಗೇರ್ ಔಟ್‌ಪುಟ್‌ಗೆ (ಚಕ್ರ ತಿರುಗಿಸುವ ಗೇರ್‌ಗೆ) ನೇರವಾಗಿ ಕಚ್ಚುತ್ತದೆ, ಇನ್ನೊಂದು ನಡುವೆ ಕೂತು ದಿಕ್ಕು ಬದಲಿಸುವ ಐಡ್ಲರ್ ಗೇರ್ ಮೂಲಕ. ಬಲಕ್ಕೆ ತಿರುಗಿಸಿದರೆ ಎಲ್ಲವೂ ಬಿಗಿದು ನಿಲ್ಲುತ್ತಿತ್ತು, ಎಡಕ್ಕೆ ತಿರುಗಿಸಿದರೆ ಹ್ಯಾಂಡಲ್ ಸುಮ್ನೆ ಸುತ್ತುತ್ತಿತ್ತು.

"ಎರಡೂ ಬೇರಿಂಗ್ ಒಂದೇ ಮುಖವಾಗಿ ಕೂತಿವೆ, ಒಂದನ್ನು ತಿರುಗಿಸಿ ಹಾಕಿ" ಅಂದವರು ಗೆದ್ದಿರಿ! ಬಲಕ್ಕೆ ತಿರುಗಿಸಿದಾಗ ಎರಡೂ ಒಟ್ಟಿಗೆ ಹಿಡಿಯುತ್ತಿದ್ದವು. ಒಂದು ಗೇರ್ ಔಟ್‌ಪುಟ್ಟನ್ನು ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಬಿಗಿಯದೆ ಇನ್ನೇನು? ಈಗ ಒಂದು ಹಿಡಿದರೆ ಇನ್ನೊಂದು ಜಾರುತ್ತದೆ.

ಅದಕ್ಕೂ ಮೊದಲು ಇನ್ನೊಂದು ಐಡ್ಲರ್ ಸೇರಿಸುವ ಸಲಹೆ ಪ್ರಯತ್ನಿಸಿದ್ದೆ. ಬಿಗಿಯುವುದು ನಿಂತಿತು, ಆದರೆ ಎಡಕ್ಕೆ ತಿರುಗಿಸಿದರೆ ಔಟ್‌ಪುಟ್ ಅಲ್ಲಾಡಲೇ ಇಲ್ಲ. ಎರಡು ಐಡ್ಲರ್ ಇದ್ದರೆ ದಿಕ್ಕು ಮತ್ತೆ ನೇರವಾಗಿ ಕಚ್ಚುವ ಗೇರ್ ಕೊಡುವ ದಿಕ್ಕೇ ಆಗುತ್ತದಲ್ವಾ, ಅದು ಹೊಳೆದಿರಲಿಲ್ಲ. ಗ್ರೀಸ್ ಹಚ್ಚಿದ್ದು ಏನೂ ಉಪಯೋಗವಾಗಲಿಲ್ಲ, ಕೈ ಕೊಳೆಯಾಯಿತು ಅಷ್ಟೇ.

ಬಿಚ್ಚಿದಾಗ ಇನ್ನೊಂದು ಕಂಡಿತು: ಶಾಫ್ಟ್ ಮೇಲೆ ಬೇರಿಂಗ್ ಒಳಗಿನ ರೋಲರ್‌ಗಳು (ಸಣ್ಣ ಉರುಳೆಗಳು) ಕೂರುವ ಕಡೆ ಸಣ್ಣ ಸಣ್ಣ ಗೀರು, ಉಗುರಿಗೆ ತಾಗುವಷ್ಟು. ಈ ಬೇರಿಂಗ್‌ನಲ್ಲಿ ರೋಲರ್‌ಗಳು ನೇರವಾಗಿ ಶಾಫ್ಟನ್ನೇ ಅದುಮಿ ಹಿಡಿಯುತ್ತವೆ. ನನ್ನದು ಮೆತ್ತಗಿನ ಸಾದಾ ಕಬ್ಬಿಣದ ಸರಳು. ಹದಗೊಳಿಸಿದ ಗಟ್ಟಿ ಉಕ್ಕಿನ ಶಾಫ್ಟ್ ಹಾಕಿದ ಮೇಲೆ, ಹಿಡಿಯಬೇಕಾದ ಬೇರಿಂಗ್ ಜಾರುವುದು ಪೂರ್ತಿ ನಿಂತಿದೆ. ದಿಕ್ಕು ಬದಲಿಸುವಾಗ ಹ್ಯಾಂಡಲ್ ಸ್ವಲ್ಪ ಖಾಲಿ ಆಡುತ್ತದೆ, ಅದು ಗೇರ್ ಹಲ್ಲುಗಳ ಸಂದು. ಅದನ್ನು ಹಾಗೇ ಬಿಟ್ಟಿದ್ದೇನೆ.